ಮಷೀನಿಗೂ ಒಂದು ಮಣೆ ಬೇಕು

ಮನೇಲಿ ಬಡಗಿ ಕೆಲಸ ಮಾಡೋ ಗಂಡನೋ ಮಗನೋ ತಮ್ಮನೋ ಇರೋ ಅಕ್ಕ-ತಂಗೇರಿಗೆಲ್ಲ ನಂದೊಂದು ಮಾತು. ಅವರು ಇನ್ನೊಂದು ದೊಡ್ಡ ಮಷೀನು ತಗೋತೀನಿ ಅಂತ ದುಡ್ಡು ಕೇಳಿದ್ರೆ ತಕ್ಷಣ ಬೀರು ಬಾಗಿಲು ತೆಗೀಬೇಡಿ. ಮೊದಲು ಇರೋ ಮಷೀನಿಗೆ ಒಂದು ಒಳ್ಳೇ ಸ್ಟ್ಯಾಂಡು ತಗೊಳ್ಳಿ, ಆಮೇಲೆ ಬೇರೆ ಮಾತು ಅನ್ನಿ.

ಉಪ್ಪಿನಕಾಯಿ, ಹಪ್ಪಳ, ಬಾಣಂತಿ ಮದ್ದು ಅಂತ ಬರ್ಕೊಂಡಿದ್ದ ಇವಳಿಗೆ ಗಂಡಸರ ಮಷೀನಿನ ವಿಷಯ ಎಂತಕ್ಕೆ ಅಂತ ನಗಬೇಡಿ. ಸಂಜೆ ಅವರು ಸೊಂಟ ಹಿಡ್ಕೊಂಡು ಬಂದಾಗ ಎಣ್ಣೆ ಬಿಸಿ ಮಾಡೋರು ನಾವೇ. ಬೆರಳಿಗೆ ಪೆಟ್ಟಾಗಿ ಹದಿನೈದು ದಿನ ಮನೇಲಿ ಕೂತ್ರೆ ಸಂಘದ ಕಂತು ಹೆಂಗೆ ಕಟ್ಟೋದು ಅಂತ ಲೆಕ್ಕ ಹಾಕೋರೂ ನಾವೇ. ಹಂಗಾಗಿ ಇದು ನಮ್ಮ ವಿಷಯವೂ ಹೌದು.

ಮಷೀನು ಯಾವುದು ಅಂತ ಗೊತ್ತಿಲ್ಲದೋರಿಗೆ ಹೇಳ್ತೀನಿ. ಮೈಟರ್ ಸಾ ಅಂತಾರೆ, ನಮ್ಮ ಹುಡುಗರು ಬರೀ ಕಟಿಂಗ್ ಮಷೀನು ಅಂದ್ಬಿಡ್ತಾರೆ. ಕೆಳಗೆ ಒಂದು ಸಣ್ಣ ಮೇಜಿನಂಥ ಹಲಗೆ, ಅದರ ಹಿಂದೆ ಮರ ಒರಗಿಸೋಕೆ ಒಂದು ಗೋಡೆ, ಮೇಲಿಂದ ಕೈ ಹಿಡಿದು ಕೆಳಗೆ ಎಳೆಯೋ ದುಂಡನೆ ಗರಗಸ. ಆ ಗರಗಸ 10 ಇಂಚಿಂದೋ 12 ಇಂಚಿಂದೋ ಇರತ್ತೆ, ನಿಮಿಷಕ್ಕೆ ನಾಕೈದು ಸಾವಿರ ಸುತ್ತು ತಿರುಗತ್ತೆ. ಅದನ್ನ ಎಡಕ್ಕೆ ಬಲಕ್ಕೆ ತಿರುಗಿಸಿ 45 ಡಿಗ್ರಿಗೆ ಇಟ್ಟು ಎರಡು ತುಂಡು ಕೊಯ್ದು ಜೋಡಿಸಿದ್ರೆ ಸರಿಯಾದ ಮೂಲೆ ಬರತ್ತೆ. ಬಾಗಿಲು ಚೌಕಟ್ಟಿನ ಸುತ್ತ ಬಡಿಯೋ ಪಟ್ಟಿ, ಕಿಟಕಿ ಬೀಡಿಂಗು, ದೇವರ ಫೋಟೋ ಕಟ್ಟು, ಶೋಕೇಸಿನ ಅಂಚು, ಎಲ್ಲ ಅದರಲ್ಲೇ. ಕಬ್ಬಿಣ ಕೊಯ್ಯೋ 14 ಇಂಚಿನ, ಕಿಡಿ ಹಾರೋ ಮಷೀನು ಬೇರೆ. ಅದರ ಮಾತು ಇಲ್ಲಿ ಆಡ್ತಿಲ್ಲ.

ಈಗ ನಮ್ಮ ಈಳಿಗೆ ಮಣೆ ನೆನಪು ಮಾಡ್ಕೊಳ್ಳಿ. ಅಲಗನ್ನ ಮಣೆಗೆ ಬಿಗಿದಿರ್ತಾರೆ. ಮಣೆ ಅಲ್ಲಾಡದ ಹಂಗೆ ನಾವು ಅದರ ಮೇಲೆ ಕೂರ್ತೀವಿ, ಇಲ್ಲಾ ಕಾಲಲ್ಲಿ ಮೆಟ್ಟಿ ಹಿಡೀತೀವಿ. ಎರಡು ಕೈಯೂ ತರಕಾರಿಗೆ ಬಿಡುವು. ಅಡಿಕೆ ಸುಲಿಯೋ ಮೆಟ್ಟುಗತ್ತಿನೂ ಹಂಗೆ, ಕಾಯಿ ತುರಿಯೋ ಮಣೆನೂ ಹಂಗೆ. ಮಣೆ ಇಲ್ಲದೆ ಬರೀ ಅಲಗನ್ನ ನೆಲದ ಮೇಲಿಟ್ಟು ಅಡಿಕೆ ಸುಲಿ ಅಂದ್ರೆ ಯಾರಾದ್ರೂ ಸುಲೀತಾರನ್ರೇ? ನಮ್ಮಜ್ಜಿ ಕಾಲದಿಂದ ಹೆಂಗಸರಿಗೆ ಗೊತ್ತಿರೋ ಸಂಗತಿ ಇದು. ಹರಿತ ಇರೋದು ಯಾವುದಕ್ಕೂ ಗಟ್ಟಿಯಾದ ಒಂದು ಕೂರೋ ಜಾಗ ಬೇಕು.

ಆಮೇಲೆ ನಮ್ಮ ಮನೆಗಳಿಗೆ ಅಡುಗೆ ಕಟ್ಟೆ ಬಂತು. ನೆಲದ ಒಲೆ, ನೆಲದ ಈಳಿಗೆ ಹೋಗಿ ಎಲ್ಲ ನಿಂತು ಮಾಡೋ ಹಂಗಾಯ್ತು. ಕಟ್ಟೆ ಎಷ್ಟು ಎತ್ತರ ಇರಬೇಕು ಅಂತ ನಾವು ಮನೆ ಕಟ್ಟುವಾಗ ಎಷ್ಟು ಜಗಳ ಆಡ್ತೀವಿ! ಎರಡು ಇಂಚು ಜಾಸ್ತಿ ಆದ್ರೆ ಚಪಾತಿ ಲಟ್ಟಿಸುವಾಗ ಭುಜ ನೋಯತ್ತೆ, ಎರಡು ಇಂಚು ಕಮ್ಮಿ ಆದ್ರೆ ಪಾತ್ರೆ ತೊಳೆಯುವಾಗ ಸೊಂಟ ಹಿಡಿಯತ್ತೆ. ಆದ್ರೆ ಆ ಕಟ್ಟೆ ಕೆಳಗೆ ಕಪಾಟು ಮಾಡಿದ ಬಡಗಿ ಅದೇ ಅಡುಗೆಮನೆ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು, ಮಷೀನನ್ನ ಟೈಲ್ಸ್ ಮೇಲಿಟ್ಕೊಂಡು, ಬಗ್ಗಿ ಬಗ್ಗಿ ಕೊಯ್ದು ಹೋಗಿರ್ತಾನೆ. ನಮಗೆ ನಿಂತು ಕೆಲಸ ಮಾಡೋ ಸುಖ ಮಾಡ್ಕೊಟ್ಟೋನು ಇನ್ನೂ ನೆಲದಲ್ಲೇ ಇದಾನೆ.

ಇದಕ್ಕೆ ನಮ್ಮ ಮನೆಯವರದ್ದೂ ಸೇರಿ ಎಲ್ಲ ಹಿರೀ ಆಚಾರ್ರದ್ದೂ ಒಂದೇ ಉತ್ತರ. ನೆಲಕ್ಕಿಂತ ಗಟ್ಟಿ ಸ್ಟ್ಯಾಂಡು ಯಾವುದಿದೆ, ನಮ್ಮಪ್ಪ ಅಜ್ಜ ಎಲ್ಲ ಕೂತೇ ಮಾಡಿಲ್ವಾ ಅಂತಾರೆ. ಮಾತು ತೆಗೆದುಹಾಕೋ ಹಂಗಿಲ್ಲ. ನಮ್ಮ ತ್ಯಾವರೆಕೊಪ್ಪದಿಂದ ಇದೇ ರಸ್ತೇಲಿ ಮುಂದೆ ಹೋದ್ರೆ ಸಾಗರ, ಅಲ್ಲಿಂದ ಸೊರಬ. ಅಲ್ಲಿನ ಗುಡಿಗಾರರು ಗಂಧದ ಕೆತ್ತನೆ ಕೂತೇ ಮಾಡ್ತಾರೆ, ಲೋಕವೇ ಮೆಚ್ಚೋ ಕೆಲಸ ಅದು. ಆದ್ರೆ ಅವರ ಕೈಲಿರೋದು ಉಳಿ. ಮರ ಅಲ್ಲಾಡದ ಹಂಗೆ ಕಾಲಲ್ಲಿ ಒತ್ತಿ ಹಿಡಿದ್ರೂ ಉಳಿ ಕೈ ಹೇಳಿದಷ್ಟೇ ಹೋಗತ್ತೆ, ಕೈ ನಿಂತ್ರೆ ನಿಲ್ಲತ್ತೆ. ಕರೆಂಟಿನ ಗರಗಸ ಹಂಗಲ್ಲ. ಸ್ವಿಚ್ಚು ಬಿಟ್ಟ ಮೇಲೂ ಒಂದೆರಡು ಉಸಿರು ತಿರುಗ್ತಾನೇ ಇರತ್ತೆ. ಅಜ್ಜನ ಕಾಲದ ಕೂರೋ ಪದ್ಧತಿ ಅಜ್ಜನ ಕಾಲದ ಹತಾರಿಗೆ ಸರಿ. ಹತಾರು ಬದಲಾದ ಮೇಲೆ ಪದ್ಧತಿನೂ ಬದಲಾಗಬೇಕು.

ನೆಲದ ಮೇಲೆ ಏನಾಗತ್ತೆ ಅಂತ ನಿಂತು ನೋಡಿದೋರಿಗೆ ಗೊತ್ತಾಗತ್ತೆ. ಮಷೀನಿನ ಹಲಗೆ ನೆಲದಿಂದ ಮೂರು ನಾಲ್ಕು ಇಂಚು ಎತ್ತರ, ಅಗಲ ಒಂದೂವರೆ ಅಡಿ ಹತ್ತಿರ. ಅದರ ಮೇಲೆ ಎಂಟಡಿ ರೀಪು ಇಟ್ಟರೆ ಉಳಿದ ಆರಡಿ ಹೊರಗೆ ಜೋತು ಬೀಳತ್ತೆ. ಅದಕ್ಕೆ ಅಡಿಗೆ ಇಟ್ಟಿಗೆ ಚೂರು, ಪ್ಲೈವುಡ್ ತುಂಡು, ಅದೂ ಇಲ್ಲದಿದ್ರೆ ತಮ್ಮದೇ ಪಾದ ಕೊಡ್ತಾರೆ. ಒಂದು ಕಡೆ ಜೋತು ಬಿದ್ದ ಮರ ಗರಗಸದ ಹತ್ರ ಮೇಲೆದ್ದಿರತ್ತೆ. ಅರ್ಧ ಕೊಯ್ಯುವಾಗ ಅದು ಕುಸಿದ್ರೆ ಗರಗಸವನ್ನ ಎರಡೂ ಕಡೆಯಿಂದ ಹಿಚುಕತ್ತೆ, ಆಗ ಮರ ಎಗರತ್ತೆ. ಹಿಡಿದ ಕೈ ಅದರ ಜೊತೆ ಎಲ್ಲಿಗೆ ಹೋಗತ್ತೆ ಅಂತ ಹೇಳೋಕಾಗಲ್ಲ. ಬೆರಳು ಕಳ್ಕೊಂಡ ಬಡಗಿ ಯಾರೂ ಗೊತ್ತಿಲ್ಲ ಅನ್ನೋರು ನಮ್ಮಲ್ಲಿ ಎಷ್ಟು ಜನ ಇದೀರಿ?

ಕೆಲಸ ಕೆಡೋದೂ ಅಲ್ಲೇ. ಒಂದು ಚೌಕಟ್ಟಿಗೆ ನಾಲ್ಕು ಮೂಲೆ, ಒಂದೊಂದು ಮೂಲೆಗೆ ಎರಡು ಕೊಯ್ತ, ಒಟ್ಟು ಎಂಟು. ಮರ ಸ್ವಲ್ಪ ಎದ್ದು ಒಂದೊಂದು ಕೊಯ್ತದಲ್ಲೂ ಅರ್ಧ ಡಿಗ್ರಿ ತಪ್ಪಿದ್ರೆ ಕೊನೇ ಮೂಲೆ ಸೇರುವಾಗ 4 ಡಿಗ್ರಿ ತಪ್ಪಿರತ್ತೆ. ಆ ಸಂದಿಗೆ ಹೊಟ್ಟು, ಫೆವಿಕಾಲು ಕಲಸಿ ಮೆತ್ತಿ ಮೇಲೆ ಪಾಲಿಶ್ ಹಚ್ಚಿ ಹೋಗ್ತಾರೆ. ಮಳೆಗಾಲ ಬಂದು ಹೋದ ಮೇಲೆ ಅದು ಬಾಯಿ ಬಿಡತ್ತೆ, ಮನೆಯವರು ಬೈತಾರೆ. ಹೆಸರು ಹೋಗೋದು ಆಚಾರಿದು.

ಧೂಳಿನ ಮಾತೂ ಇದೆ. ಕೂತು ಬಗ್ಗಿದಾಗ ಮುಖ ಗರಗಸಕ್ಕೆ ಒಂದು ಮೊಳ ದೂರದಲ್ಲಿರತ್ತೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯವರು 1995ರಲ್ಲೇ ಮರದ ಧೂಳನ್ನ ಕ್ಯಾನ್ಸರ್ ತರೋ ವಸ್ತುಗಳ ಪಟ್ಟಿಗೆ ಸೇರಿಸಿದಾರೆ. ನಿಂತು ಮಾಡಿದ್ರೆ ಧೂಳು ಇಲ್ಲ ಅಂತಲ್ಲ, ಮಾಸ್ಕು ಬೇಕೇ ಬೇಕು. ಆದ್ರೆ ಮೂಗು ಮಷೀನಿಂದ ದೂರ ಆಗತ್ತೆ. ಮಷೀನಿನ ಹಿಂದಿನ ಚೀಲ ಗೋಡೆಗೆ ತಾಗಿ ಮಡಚಿ ಕೂರೋದೂ ತಪ್ಪತ್ತೆ.

ಸರಿ, ಸ್ಟ್ಯಾಂಡು ಬೇಕು ಅಂತ ಒಪ್ಕೊಂಡ್ರಿ ಅಂತಿಟ್ಕೊಳ್ಳಿ. ಯಾವುದು ಅನ್ನೋದೇ ಈಗಿನ ಪ್ರಶ್ನೆ. ಅಂಗಡಿಯವನು ಮಷೀನಿನ ಕಂಪನಿ ಯಾವುದು ಅಂತ ಮೊದಲು ಕೇಳ್ತಾನೆ. ನನ್ನ ಕೇಳಿದ್ರೆ ಮೊದಲು ನೋಡಬೇಕಾದ್ದು ಎರಡು. ನಿಲ್ಲೋನ ಮೈ, ಮತ್ತೆ ಅವನು ದಿನಾ ಹೋಗೋ ದಾರಿ.

ಮೈಗೆ ಅಳತೆ ಮೊಣಕೈ. ಚಪ್ಪಲಿ ಹಾಕ್ಕೊಂಡು ನೆಟ್ಟಗೆ ನಿಂತು ಕೈ ಮಡಚಿ, ನೆಲದಿಂದ ಮೊಣಕೈವರೆಗೆ ಟೇಪು ಹಿಡೀರಿ. ಅದರಲ್ಲಿ ಆರೇಳು ಇಂಚು ಕಳೀರಿ. ಮರ ಕೂರೋ ಹಲಗೆ ಅಲ್ಲಿಗೆ ಬಂದ್ರೆ ಹಿಡಿ ಎಳೆಯೋಕೆ ಭುಜ ಎತ್ತಬೇಕಿಲ್ಲ, ಗೆರೆ ನೋಡೋಕೆ ಬೆನ್ನು ಬಗ್ಗಿಸಬೇಕಿಲ್ಲ. ನಮ್ಮ ಮನೆಯವರ ಮೊಣಕೈ 40 ಇಂಚು, ಮಗಂದು 43. ಅಂದ್ರೆ ಇವರಿಗೆ 34, ಅವನಿಗೆ 36 ಹತ್ತಿರ. ಇಲ್ಲೊಂದು ಕಿವಿಮಾತು: ಇದು ಸ್ಟ್ಯಾಂಡಿನ ಎತ್ತರ ಅಲ್ಲ. ಮಷೀನಿನ ಸ್ವಂತ ಎತ್ತರ ಮೂರು ನಾಲ್ಕು ಇಂಚು ಅದರಲ್ಲಿ ಸೇರಿದೆ, ಅದನ್ನ ಕಳೆದು ಸ್ಟ್ಯಾಂಡು ನೋಡಬೇಕು. 36 ಬೇಕು ಅಂತ 36ರದ್ದೇ ಸ್ಟ್ಯಾಂಡು ತಂದ್ರೆ ಮಷೀನು ಕೂರಿಸಿದ ಮೇಲೆ 40 ಆಗಿ ಎದೆ ಹತ್ರ ಬರತ್ತೆ. ನಮ್ಮನೇಲಿ ಇದ್ದ ಹಂಗೆ ಎತ್ತರದೋರು ಗಿಡ್ಡದೋರು ಇಬ್ಬರೂ ಕೆಲಸ ಮಾಡೋದಾದ್ರೆ ಕಾಲಿನ ಎತ್ತರ ಏರಿಸಿ ಇಳಿಸೋ ಹಂಗಿರೋದು ಒಳ್ಳೇದು.

ದಾರಿ ಅಂದ್ನಲ್ಲ, ಅದಕ್ಕೆ ಬರ್ತೀನಿ. ಕೊಂಡೊಯ್ಯೋ ಸ್ಟ್ಯಾಂಡಲ್ಲಿ ಎರಡು ಜಾತಿ. ಒಂದು ನಾಲ್ಕು ಕಾಲು ಮಡಚಿ ಹೆಗಲ ಮೇಲೆ ಹಾಕ್ಕೊಂಡು ಹೋಗೋದು. ಇನ್ನೊಂದು ಗಾಲಿ ಇರೋದು. ಅದರ ಮೇಲೆ ಮಷೀನು ಬಿಗಿದೇ ಇರತ್ತೆ, ತಳ್ಳುಗಾಡಿ ಹಂಗೆ ಎಳ್ಕೊಂಡು ಹೋಗಿ ಅಲ್ಲೇ ಎಬ್ಬಿಸಿ ನಿಲ್ಲಿಸಬಹುದು. ನೋಡೋಕೆ ಗಾಲಿದೇ ಚೆಂದ. ಹೊರದೇಶದ ಮನೆ, ಗ್ಯಾರೇಜು, ಸಪಾಟು ಸಿಮೆಂಟು ನೆಲಕ್ಕೆ ಅದು ಸರಿ. ನಮ್ಮ ಕಡೆ ಹೆಂಗೆ? ಅರ್ಧ ಕಟ್ಟಿದ ಮನೆ ಮುಂದೆ ಜಲ್ಲಿ ರಾಶಿ, ಮಳೆಗಾಲದಲ್ಲಿ ಕೆಂಪು ಮಣ್ಣಿನ ಕೆಸರು, ಮೇಲಿನ ಮಹಡಿಗೆ ಕೈಪಿಡಿ ಇಲ್ಲದ ಮೆಟ್ಟಿಲು, ಲಿಫ್ಟಿನ ಮಾತೇ ಇಲ್ಲ. ಗಾಲಿ ಸ್ಟ್ಯಾಂಡಿನ ಜೊತೆ ಮಷೀನೂ ಸೇರಿದ್ರೆ ಒಂದು ಮೂಟೆ ಅಕ್ಕಿಗೆ ಕಮ್ಮಿ ಇಲ್ಲ. ಇಬ್ಬರು ಹೊರಬೇಕು. ಒಬ್ಬನೇ ಹೋದ ದಿನ ಅದನ್ನ ಕೆಳಗೇ ಬಿಟ್ಟು ಮತ್ತೆ ನೆಲದ ಮೇಲೇ ಕೂರ್ತಾನೆ. ಬಳಸದ ಸ್ಟ್ಯಾಂಡಿಗಿಂತ ದಂಡ ಇನ್ನೊಂದಿಲ್ಲ.

ಹಂಗಾಗಿ ನನ್ನ ಮತ ಮಡಚೋ ಕಾಲಿನ ಹಗುರದ್ದಕ್ಕೆ. 10 ಇಂಚಿನ ಮಷೀನು ಒಂದು ಸಲ, ಸ್ಟ್ಯಾಂಡು ಒಂದು ಸಲ, ಎರಡು ಸಲ ಹತ್ತಿ ಇಳಿದ್ರೆ ಒಬ್ಬನೇ ಸಾಗಿಸಬಹುದು. ಓಮ್ನಿ ಹಿಂದೆ ಹಿಡಿಯತ್ತೆ, ಲಗೇಜ್ ಆಟೋಲಿ ಮೂಲೇಲಿ ಕೂರತ್ತೆ. ಜಾರೋ ಕೈಯಿರೋ 12 ಇಂಚಿನ ಭಾರದ ಮಷೀನು ಇರೋರು, ಒಂದೇ ಕಡೆ ತಿಂಗಳುಗಟ್ಟಲೆ ಕೆಲಸ ಇರೋರು, ಸ್ವಂತ ಗಾಡಿ ಜೊತೆಗೊಬ್ಬ ಹುಡುಗ ಇರೋರು ಗಾಲಿದು ತಗೊಳ್ಳಲಿ, ಅವರಿಗೆ ಅದೇ ಸರಿ.

ಇನ್ನು ಕೈಗಳು. ಸ್ಟ್ಯಾಂಡಿನ ಎಡಕ್ಕೆ ಬಲಕ್ಕೆ ಎಳೆದು ಉದ್ದ ಮಾಡೋ ಎರಡು ಕೈ ಇರತ್ತೆ, ತುದೀಲಿ ಮರ ಕೂರೋಕೆ ಒಂದು ಆಸರೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತೀವಲ್ಲ, ಇಲ್ಲಿ ಮರ ಇದ್ದಷ್ಟು ಕೈ ಚಾಚೋ ಹಂಗಿರಬೇಕು. ಪ್ಲೈವುಡ್ ಹಾಳೆ ಬರೋದೇ 8 ಅಡಿ ಉದ್ದ, ಅದಕ್ಕೆ ಬಡಿಯೋ ಪಟ್ಟಿನೂ ಅಷ್ಟೇ. ಎರಡೂ ಕೈ ಚಾಚಿದಾಗ ಒಟ್ಟು ಆರೇಳು ಅಡಿ ಆದ್ರೂ ಆಸರೆ ಸಿಗಬೇಕು. ಅದಕ್ಕಿಂತ ಮುಖ್ಯ, ಆಸರೆಯ ತಲೆ ಮಷೀನಿನ ಹಲಗೆಗೆ ಸಮ ಬರೋ ಹಂಗೆ ಮೇಲೆ ಕೆಳಗೆ ಮಾಡೋಕಾಗಬೇಕು. ಒಂದು ನೂಲು ಹೆಚ್ಚು ಕಮ್ಮಿ ಆದ್ರೂ ನೆಲದ ಮೇಲಿನ ಅದೇ ರಗಳೆ ಮೇಲೆ ಬಂದ ಹಂಗೆ. ಅಂಗಡೀಲೇ ಒಂದು ನೇರ ಪಟ್ಟಿ ಇಟ್ಟು ನೋಡಿ, ಕೆಳಗೆ ಬೆಳಕು ಕಾಣಬಾರದು.

ಭಾರದ ಲೆಕ್ಕನೂ ಕೇಳಿ. ಪೆಟ್ಟಿಗೆ ಮೇಲೆ ಎಷ್ಟು ಕೆಜಿ ಹೊರತ್ತೆ ಅಂತ ಬರೆದಿರ್ತಾರೆ. ಮಷೀನಿನ ತೂಕಕ್ಕೆ ಸರಿಹೋದ್ರೆ ಸಾಲದು. ಏಳಡಿ ಉದ್ದದ, 5 ಇಂಚು 3 ಇಂಚಿನ ತೇಗದ ಚೌಕಟ್ಟಿನ ಕಂಬ ಒಂದೇ 13 ಕೆಜಿ ಹತ್ತಿರ ತೂಗತ್ತೆ, ಹೊನ್ನೆ ಮತ್ತಿ ಇನ್ನೂ ಭಾರ. ಅದು ಕೂರೋದು ನಡುವೆ ಅಲ್ಲ, ಒಂದು ಕೈಯ ತುದೀಲಿ. ಆ ಕೈ ಪೂರ್ತಿ ಎಳೆದು ತುದಿಯನ್ನ ಅಂಗೈಯಲ್ಲಿ ಒತ್ತಿ ನೋಡಿ. ಆಚೆ ಕಾಲು ಮೇಲೇಳೋ ಹಂಗಿದ್ರೆ ಅಲ್ಲೇ ಬಿಟ್ಟು ಬನ್ನಿ. ಕಾಲಿನ ಅಡಿಯಲ್ಲಿ ರಬ್ಬರು ಇರಬೇಕು, ಒಂದು ಕಾಲಾದ್ರೂ ತಿರುಗಿಸಿ ಉದ್ದ ಮಾಡೋ ಹಂಗಿರಬೇಕು. ನಮ್ಮ ಅಂಗಳಗಳು ಸಪಾಟು ಇರಲ್ಲ, ಮೂರು ಕಾಲಲ್ಲಿ ನಿಂತ ಮೇಜಿನ ಮೇಲೆ ಹಾಲು ಕಾಯಿಸೋಕಾಗಲ್ಲ.

ಮಷೀನು ಬಿಗಿಯೋ ಜಾಗ ಕೊನೇದು. ಮಷೀನಿನ ಅಡಿಯಲ್ಲಿ ನಾಲ್ಕು ತೂತು ಇರತ್ತೆ. ಸ್ಟ್ಯಾಂಡಿನ ಪಟ್ಟಿ ಆ ತೂತಿಗೆ ಹೊಂದಬೇಕು, ಅದಕ್ಕೇ ಮಷೀನನ್ನೇ ಹೊತ್ಕೊಂಡು ಅಂಗಡಿಗೆ ಹೋಗಿ ಅನ್ನೋದು. ನಾಲ್ಕೂ ಬೋಲ್ಟು ಹಾಕಲೇಬೇಕು, ಅಡಿಗೆ ಸ್ಪ್ರಿಂಗ್ ವಾಷರು ಕೊಡಬೇಕು, ನಡುಕಕ್ಕೆ ನಟ್ಟು ಸಡಿಲ ಆಗತ್ತೆ. ನಮ್ಮ ಮಲೆನಾಡ ಮಳೆಗೆ ಕಬ್ಬಿಣದ ಕಾಲು ತುಕ್ಕು ಹಿಡಿಯತ್ತೆ, ಅಲ್ಯೂಮಿನಿಯಂ ಆದ್ರೆ ಹಗುರವೂ ಹೌದು, ಬಾಳಿಕೆಯೂ ಹೌದು. ಕಪ್ಪು ಗುಬುಟುಗಳು ಕಳೆದುಹೋದ್ರೆ ಬಿಡಿಯಾಗಿ ಸಿಗತ್ತಾ ಅಂತ ಕೇಳ್ಕೊಳ್ಳಿ. ನಾನಾದ್ರೆ ಅವಕ್ಕೆಲ್ಲ ದಾರ ಕಟ್ತೀನಿ.

ಇಷ್ಟೆಲ್ಲ ಎಂತಕ್ಕೆ, ಆಟೋ ಕಾಂಪ್ಲೆಕ್ಸ್ ಕಡೆ ವೆಲ್ಡಿಂಗ್ ಶಾಪಲ್ಲಿ ಚೌಕ ಪೈಪು ಕೊಯ್ಸಿ ಒಂದು ಮಾಡಿಸಿದ್ರಾಯ್ತು ಅಂತ ನೀವು ಕೇಳಬಹುದು. ಶಿವಮೊಗ್ಗ ಭದ್ರಾವತಿ ಕಡೆಯೋರಿಗೆ ಕಬ್ಬಿಣದ ಕೆಲಸ ಹೊಸದಲ್ಲ. ಭದ್ರಾವತಿ ಕಾರ್ಖಾನೆ 1923ರಲ್ಲಿ ಕಬ್ಬಿಣ ಕರಗಿಸೋಕೆ ಶುರು ಮಾಡಿದ್ದು, ಒಳ್ಳೇ ಕೈಯವರು ನಮ್ಮಲ್ಲಿದಾರೆ. ಮಾಡಿಸಿದ್ದು ಗಟ್ಟಿ ಇರತ್ತೆ, ಎತ್ತರ ನಾವು ಹೇಳಿದಷ್ಟು ಬರತ್ತೆ. ಆದ್ರೆ ಭಾರ ಜಾಸ್ತಿ, ಮಡಚೋ ಕೀಲು ಬೇಗ ಸಡಿಲ ಆಗತ್ತೆ, ಆಸರೆ ಎತ್ತರ ಹೊಂದಿಸೋ ವ್ಯವಸ್ಥೆ ಸಾಮಾನ್ಯವಾಗಿ ಇರಲ್ಲ. ಮನೆ ಹಿಂದಿನ ಶೆಡ್ಡಲ್ಲೇ ಕೆಲಸ ಮಾಡೋರಿಗೆ ವೆಲ್ಡಿಂಗಿಂದೇ ಸಾಕು, ಮಡಚೋದೇ ಬೇಡ, ನಾಲ್ಕು ಕಾಲು ಗಟ್ಟಿಯಾಗಿ ಬೆಸೆಸಿ. ದಿನಾ ಊರೂರು ತಿರುಗೋರಿಗೆ ಕೊಂಡಿದ್ದೇ ವಾಸಿ.

ದುಡ್ಡಿಗೆ ಏನು ಮಾಡೋದು? 2023ರ ಸೆಪ್ಟೆಂಬರ್ 17ರಂದು ವಿಶ್ವಕರ್ಮ ಜಯಂತಿ ದಿನ ಶುರುವಾದ ಪಿಎಂ ವಿಶ್ವಕರ್ಮ ಯೋಜನೆ ಕೇಳಿರ್ತೀರಿ. 18 ಕಸುಬಿಗೆ ಕೊಡ್ತಾರೆ, ಅದರಲ್ಲಿ ಬಡಗಿ ಕೆಲಸನೂ ಇದೆ. ತರಬೇತಿ ದಿನಕ್ಕೆ 500 ರೂಪಾಯಿ ಭತ್ಯೆ, ಹತಾರಿಗೆ 15,000 ರೂಪಾಯಿವರೆಗೆ ನೆರವು, ಆಮೇಲೆ ಶೇ. 5ರ ಬಡ್ಡಿಗೆ ಮೊದಲು 1 ಲಕ್ಷದವರೆಗೆ, ಅದು ತೀರಿದ ಮೇಲೆ 2 ಲಕ್ಷದವರೆಗೆ ಸಾಲ. ಒಂದು ಮನೆಗೆ ಒಬ್ಬರಿಗೇ ಅದು. ಹಂಗಾಗಿ ಅಪ್ಪ ಹಾಕಬೇಕಾ ಮಗ ಹಾಕಬೇಕಾ ಅಂತ ಮನೇಲಿ ಕೂತು ಮಾತಾಡಿ ಆಮೇಲೆ ಸಿಎಸ್‌ಸಿ ಕೇಂದ್ರಕ್ಕೆ ಹೋಗಿ. ಸಾಲ ಬಂದ ದಿನ ಗಂಡಸರು ಹೊಸ ಮಷೀನಿನ ಬಣ್ಣ ನೋಡ್ತಾ ನಿಲ್ತಾರೆ. ಪಟ್ಟೀಲಿ ಸ್ಟ್ಯಾಂಡಿನ ಹೆಸರು ಮೊದಲು ಬರೆಸೋದು ನಿಮ್ಮ ಕೆಲಸ.

ದುಬಾರಿ ಅನ್ನಿಸಿದ್ರೆ ಹಿಂಗೆ ಲೆಕ್ಕ ಹಾಕಿ. ಸೊಂಟ ಹಿಡಿದು ವರ್ಷದಲ್ಲಿ ಎಷ್ಟು ದಿನ ಕೆಲಸಕ್ಕೆ ಹೋಗಿಲ್ಲ, ಆ ದಿನಗಳ ಕೂಲಿ ಎಷ್ಟು, ಮಾತ್ರೆ ಮುಲಾಮು ಎಷ್ಟು. ಕ್ಯಾಲೆಂಡರಲ್ಲಿ ಹಾಲಿನ ಲೆಕ್ಕ ಬರೆಯೋ ಜಾಗದಲ್ಲೇ ಇದನ್ನೂ ಒಂದು ವರ್ಷ ಬರೀರಿ. ಆಮೇಲೆ ಸ್ಟ್ಯಾಂಡಿನ ಬೆಲೆ ಪಕ್ಕದಲ್ಲಿಟ್ಟು ನೋಡಿ.

ಒಂದು ಎಚ್ಚರಿಕೆನೂ ಹೇಳಬೇಕು. ಸ್ಟ್ಯಾಂಡು ಬಂತು ಅಂತ ಗರಗಸದ ಮುಚ್ಚಳ ಬಿಚ್ಚಿಡೋದು, ಜೋಲು ತೋಳಿನ ಅಂಗಿ ಹಾಕೋದು, ಕನ್ನಡಕ ಮರೆಯೋದು ಮಾಡಿದ್ರೆ ಅದೇನೂ ಕಾಪಾಡಲ್ಲ. ವೈರನ್ನ ನಡೆಯೋ ದಾರೀಲಿ ಬಿಡದೆ ಕಾಲಿಗೆ ಸುತ್ತಿ ಕಟ್ಟಬೇಕು, ಯಾರಾದ್ರೂ ಎಡವಿದ್ರೆ ಮಷೀನೇ ಮಗುಚಿ ಬೀಳತ್ತೆ. ಸಣ್ಣ ಮಕ್ಕಳಿರೋ ಮನೇಲಿ ಊಟಕ್ಕೆ ಏಳುವಾಗ ಪ್ಲಗ್ಗು ಕೀಳಬೇಕು.

ಬಡಗಿ ಇಲ್ಲದ ಮನೆಯೋರಿಗೂ ಇದರಲ್ಲಿ ಕೆಲಸ ಇದೆ. ಮನೆಗೆ ಇಂಟೀರಿಯರ್ ಮಾಡಿಸುವಾಗ ಲ್ಯಾಮಿನೇಟು ಬಣ್ಣ, ಹಿಡಿಕೆ ಡಿಸೈನು ಎಲ್ಲ ಕೇಳ್ತೀರಲ್ಲ, ಜೊತೆಗೆ ಸ್ಟ್ಯಾಂಡು ತರ್ತೀರಾ ಅಂತಲೂ ಒಂದು ಮಾತು ಕೇಳಿ. ತರ್ತೀನಿ ಅಂದೋನಿಗೆ ಬಾಗಿಲ ಹತ್ರ ಗಾಳಿ ಬೆಳಕಿರೋ, ಎಂಟಡಿ ಮರ ತಿರುಗಿಸೋಕೆ ಆಗೋ ಜಾಗ ಬಿಡಿಸಿ ಕೊಡಿ. ಮೂಲೆ ಕೋಣೇಲಿ ಮಾಡ್ಕೋ ಹೋಗು ಅಂದ್ರೆ ಅವನು ಕೈ ಚಾಚೋದೆಲ್ಲಿ, ಸ್ಟ್ಯಾಂಡು ಮಡಚಿಟ್ಟು ಮತ್ತೆ ನೆಲಕ್ಕೇ ಕೂರ್ತಾನೆ. ನಿಮ್ಮ ಟೈಲ್ಸಿಗೆ ಗೀರು ಬೀಳೋದೂ ಆಗಲೇ.

ಈ ಸಲ ದೀಪಾವಳಿಗೆ ಮೊದಲು ಕೆಲಸ ಜಾಸ್ತಿ ಬರೋ ಹೊತ್ತಿಗೆ ಟೇಪು ತಗೊಂಡು ನಿಮ್ಮನೆಯವರ ಮೊಣಕೈ ಅಳೆದಿಡಿ. ಅಂಗಡಿಗೆ ಹೋಗುವಾಗ ಮಷೀನು, ಟೇಪು, ಒಂದು ನೇರ ಪಟ್ಟಿ ಜೊತೇಲಿರಲಿ. ಅಲ್ಲೇ ಬಿಚ್ಚಿ, ನಿಲ್ಲಿಸಿ, ಒತ್ತಿ, ಮಡಚಿ, ಒಬ್ಬನೇ ಎತ್ಕೊಂಡು ಹತ್ತು ಹೆಜ್ಜೆ ನಡೆಯೋಕೆ ಹೇಳಿ. ಅಷ್ಟು ಮಾಡೋಕೆ ಬಿಡದ ಅಂಗಡೀಲಿ ಕೊಳ್ಳಬೇಡಿ.